ಬೆಲ್ಟ್ ಹೊಸದು, ಸದ್ದು ಮಾತ್ರ ಹಳೆಯದು: ಟೆನ್ಷನರ್ ಬದಲಿಸಿದ ಅನುಭವ

ಕಾರಿನ ಎಂಜಿನ್ನಿಗೆ ಹೊಸ ಬೆಲ್ಟ್ ಹಾಕಿಸಿ ವರ್ಷ ತುಂಬುವ ಮೊದಲೇ ಬೆಳಗಿನ ಕೀರಲು ವಾಪಸ್ ಬಂತು. ಸ್ಟಾರ್ಟ್ ಮಾಡಿದ ಕೂಡಲೇ ಕೀಂ ಎಂದು ಶುರುವಾಗಿ ಸ್ವಲ್ಪ ಹೊತ್ತಿಗೆ ಅಡಗುತ್ತಿತ್ತು. ಎಸಿ ಹಾಕಿದರೆ ಇನ್ನೊಮ್ಮೆ. ಹೆಡ್‌ಲೈಟ್, ವೈಪರ್, ಬ್ಲೋವರ್ ಎಲ್ಲವೂ ಒಟ್ಟಿಗೆ ಓಡುವ ಜುಲೈ ತಿಂಗಳ ಸಂಜೆಗಳಲ್ಲಂತೂ ಪ್ರತಿ ಸಲ ಗಾಡಿ ನಿಂತು ಹೊರಡುವಾಗಲೂ ಕೇಳುತ್ತಿತ್ತು. ಈ ಸಲ ಅದರ ಜೊತೆಗೆ ಇನ್ನೊಂದು ಸದ್ದು ಸೇರಿಕೊಂಡಿತ್ತು. ನ್ಯೂಟ್ರಲ್‌ನಲ್ಲಿ ನಿಂತಾಗ ಮುಂದಿನ ಬಲಗಡೆ ಚಕ್ರದ ಮೇಲಿಂದ ಸಣ್ಣಗೆ, ಬಿಡದೆ, ಗರಗರ.

ಇಂಥ ಸದ್ದನ್ನು ಹೊತ್ತುಕೊಂಡೇ ವರ್ಷಗಟ್ಟಲೆ ಓಡುವ ಕಾರುಗಳಿವೆ, ಗೊತ್ತು. ಆದರೆ ನಮ್ಮ ಮನೆ ತೀರ್ಥಹಳ್ಳಿ ಹತ್ತಿರ. ಅಮ್ಮನನ್ನು ತಪಾಸಣೆಗೆಂದು ಮಣಿಪಾಲಕ್ಕೆ ಕರೆದುಕೊಂಡು ಹೋಗಬೇಕಾದರೆ ಆಗುಂಬೆ ಘಾಟಿ ಇಳಿಯಬೇಕು, ಸಂಜೆ ಅದನ್ನೇ ಹತ್ತಿ ಬರಬೇಕು. ಹದಿನಾಲ್ಕು ಹೇರ್‌ಪಿನ್ ತಿರುವು, ಮಳೆಗಾಲದಲ್ಲಿ ಮಂಜು, ಕೆಲವು ಕಡೆ ಫೋನ್ ಎತ್ತಿ ಯಾರನ್ನೂ ಕರೆಯುವ ಹಾಗೂ ಇಲ್ಲ. ಅಂಥ ದಾರಿಯಲ್ಲಿ ಬೆಲ್ಟ್ ಕಿತ್ತುಹೋದರೆ ಏನಾಗುತ್ತದೆ ಎಂದು ತಿಳಿದವರಿಗೆ ಈ ಸದ್ದನ್ನು ಕೇಳಿಸದ ಹಾಗೆ ಇರಲು ಆಗುವುದಿಲ್ಲ.

ಏನಾಗುತ್ತದೆ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮದು ಹತ್ತು ವರ್ಷ ದಾಟಿದ ಡೀಸೆಲ್ ಕಾರು. ಒಳಗಿರುವುದು ಫಿಯಟ್ ರೂಪಿಸಿದ 1.3 ಲೀಟರ್ ಮಲ್ಟಿಜೆಟ್ ಎಂಜಿನ್. ಮಾರುತಿ, ಟಾಟಾ, ಫಿಯಟ್ ಮೂರೂ ಕಂಪನಿಗಳ ಕಾರುಗಳಲ್ಲಿ ಓಡಿದ ಎಂಜಿನ್ ಇದು. 2020ರ ಏಪ್ರಿಲ್‌ನಲ್ಲಿ ಹೊಗೆ ಮಾಲಿನ್ಯದ ಬಿಎಸ್-6 ನಿಯಮ ಬರುವ ಹೊತ್ತಿಗೆ ಹೊಸ ಕಾರುಗಳಿಂದ ಮರೆಯಾಯಿತು. ಹಾಗಿದ್ದರೂ ಇದನ್ನು ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್‌ಗಳು ಊರೂರಲ್ಲಿ ಇದ್ದಾರೆ. ಇದರ ಟೈಮಿಂಗ್‌ಗೆ (ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚುವುದಕ್ಕೆ) ಎಂಜಿನ್ ಒಳಗೇ ಚೈನ್ ಇದೆ. ಹೊರಗೆ, ಬಲಬದಿಯಲ್ಲಿ, ಒಂದೇ ಒಂದು ಚಪ್ಪಟೆ ಬೆಲ್ಟ್. ಅದು ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್‌ನ ಪುಲ್ಲಿಯಿಂದ ಎಳೆತ ಪಡೆದು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ಎಸಿ ಕಂಪ್ರೆಸರ್, ನೀರಿನ ಪಂಪ್ ಮೂರನ್ನೂ ತಿರುಗಿಸುತ್ತದೆ. ರೇಡಿಯೇಟರ್ ಫ್ಯಾನ್ ಕರೆಂಟಿನಲ್ಲಿ ಓಡುತ್ತದೆ. ಆದರೂ ಗ್ಯಾರೇಜಿನಲ್ಲಿ ಎಲ್ಲರೂ ಕರೆಯುವುದು ಫ್ಯಾನ್ ಬೆಲ್ಟ್ ಎಂದೇ, ಅಂಗಡಿಯಲ್ಲಿ ಕೇಳುವಾಗಲೂ ಹಾಗೇ ಕೇಳಬೇಕು.

ಈ ಬೆಲ್ಟ್ ಹೋದರೆ ಮೊದಲು ಬ್ಯಾಟರಿಯ ಕೆಂಪು ದೀಪ ಹತ್ತುತ್ತದೆ, ಎಸಿ ಗಾಳಿ ಬಿಸಿಯಾಗುತ್ತದೆ. ಇವೆರಡನ್ನೂ ಸಹಿಸಿಕೊಂಡು ಮನೆ ಸೇರಬಹುದು ಅನ್ನಿಸಬಹುದು. ಆದರೆ ನೀರಿನ ಪಂಪ್ ಕೂಡ ನಿಂತಿರುತ್ತದೆ. ತಣಿಸುವ ದ್ರವ (ಕೂಲಂಟ್) ತಿರುಗದ ಎಂಜಿನ್ ಘಾಟಿ ಹತ್ತುವಾಗ ಕೆಲವೇ ನಿಮಿಷದಲ್ಲಿ ಮಿತಿಮೀರಿ ಬಿಸಿಯಾಗುತ್ತದೆ, ಎಂಜಿನ್ನಿನ ಮೇಲ್ಭಾಗವಾದ ಹೆಡ್‌ನ ಗ್ಯಾಸ್ಕೆಟ್ ಹೋಗಬಹುದು, ಹೆಡ್ ಸೊಟ್ಟಗಾಗುವುದೂ ಉಂಟು. ಆ ರಿಪೇರಿಯ ಖರ್ಚಿನಲ್ಲಿ ಎಷ್ಟೋ ಬೆಲ್ಟ್, ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಎಷ್ಟೋ ಟೆನ್ಷನರ್ ಬರುತ್ತವೆ. ಹಾಗಾಗಿ ಕೆಂಪು ದೀಪ ಹತ್ತಿ ಎಸಿಯೂ ಒಟ್ಟಿಗೆ ಸತ್ತರೆ ಅಲ್ಲೇ ಬದಿಗೆ ನಿಲ್ಲಿಸಿ ಎಂಜಿನ್ ಬಂದ್ ಮಾಡುವುದೇ ಸರಿ.

ಹಿಂದಿನ ಸಲ ಬೆಲ್ಟ್ ಬದಲಿಸಿದ್ದ ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿದೆ. ಬೆಲ್ಟ್ ಹೊಸದೇ ಇದೆ, ಮಳೆಗೆ ಹಾಗೆ ಆಗುತ್ತದೆ, ಬನ್ನಿ ಸ್ಪ್ರೇ ಹೊಡೆದು ಕೊಡುತ್ತೇವೆ ಎಂದರು. ಪಕ್ಕದ ಮನೆಯವರು ಬೆಲ್ಟಿಗೆ ಸೋಪು ಉಜ್ಜಿ ಎಂದರು. ಎರಡನ್ನೂ ಮಾಡಲಿಲ್ಲ. ಮಳೆಯಲ್ಲಿ ನೆನೆದ ಬೆಲ್ಟ್ ಬೆಳಗ್ಗೆ ಒಮ್ಮೆ ಕಿರುಗುಟ್ಟಿ ಒಣಗುವುದು ನಿಜ. ಆದರೆ ಒಣಗಿದ ದಿನವೂ ಕೀರಿದರೆ ಅದಕ್ಕೆ ಬೇರೆ ಕಾರಣ ಇದ್ದೇ ಇದೆ. ಸ್ಪ್ರೇ, ಸೋಪು ಎರಡೂ ಸದ್ದನ್ನು ಮುಚ್ಚುತ್ತವೆ, ಕಾರಣ ಹಾಗೇ ಉಳಿಯುತ್ತದೆ. ಎಣ್ಣೆ ಅಂಶದ ಸ್ಪ್ರೇ ಆದರೆ ರಬ್ಬರನ್ನೂ ಕೆಡಿಸುತ್ತದೆ, ಕೆಂಪು ಮಣ್ಣಿನ ಧೂಳೆಲ್ಲ ಅದಕ್ಕೆ ಅಂಟಿಕೊಳ್ಳುತ್ತದೆ.

ಶಿವಮೊಗ್ಗದ ಸಾಗರ ರಸ್ತೆಯ ಆಟೊ ಕಾಂಪ್ಲೆಕ್ಸ್ ಕಡೆಯ ಒಬ್ಬ ಮೇಸ್ತ್ರಿಯ ಹತ್ತಿರ ಹೋಗುವುದು ಅಂತ ತೀರ್ಮಾನ ಮಾಡಿದೆ. ನಮ್ಮ ತಂದೆಯ ಕಾಲದಿಂದ ಪರಿಚಯ, ವಯಸ್ಸಾಗಿದೆ, ಮಾತು ಕಡಿಮೆ. ಬಾನೆಟ್ ಎತ್ತಿಸಿ ಸ್ಟಾರ್ಟ್ ಮಾಡಲು ಹೇಳಿ ಸುಮ್ಮನೆ ನಿಂತು ಕೇಳಿದರು. ಆಮೇಲೆ ಬಟ್ಟೆ ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿ ತಂದು ಓಡುತ್ತಿರುವ ಬೆಲ್ಟಿನ ಗೆರೆಗಳಿರುವ ಬದಿಗೆ ಸ್ವಲ್ಪ ನೀರು ಚಿಮುಕಿಸಿದರು. ಸದ್ದು ಇನ್ನೂ ಜೋರಾಯಿತು.

“ಜಾರ್ತಾ ಇದೆ ಅಮ್ಮ. ನೀರು ಬಿದ್ದಾಗ ಸುಮ್ಮನಾಗಿ ಆಮೇಲೆ ಮತ್ತೆ ಚಿರ್ ಅಂದಿದ್ರೆ ಪುಲ್ಲಿ ಲೈನ್ ತಪ್ಪಿದೆ ಅಂತ. ಜೋರಾದ್ರೆ ಬಿಗಿ ಸಾಲ್ತಿಲ್ಲ ಅಂತ,” ಎಂದರು.

“ಬೆಲ್ಟ್ ಹೊಸದಲ್ವಾ ಮೇಸ್ತ್ರಿ?”

“ಬೆಲ್ಟಿನ ಮಾತು ಬಿಡಿ. ಇಲ್ಲಿ ನೋಡಿ.”

ಟಾರ್ಚ್ ಹಿಡಿದು ತೋರಿಸಿದರು. ಬೆಲ್ಟಿನ ನಯವಾದ ಬೆನ್ನಿಗೆ ಒತ್ತಿಕೊಂಡು ತಿರುಗುವ ಒಂದು ಪುಲ್ಲಿ, ಅದನ್ನು ಹಿಡಿದ ಒಂದು ಗಿಡ್ಡ ತೋಳು. ಅದೇ ಟೆನ್ಷನರ್. ಆ ತೋಳು ಸಣ್ಣಗೆ ನಡುಗುವುದು ಸಹಜ. ನಮ್ಮದು ನಡುಗುತ್ತಿರಲಿಲ್ಲ, ಕುಣಿಯುತ್ತಿತ್ತು. ಎಸಿ ಹಾಕಿಸಿದಾಗ ಒಮ್ಮೆ ಪೂರಾ ಹಿಂದಕ್ಕೆ ಹೋಗಿ ಬಂದು ಬೆಲ್ಟನ್ನು ಬಡಿಯಿತು. ಅದೇ ಕ್ಷಣಕ್ಕೆ ಕೀರಲೂ ಬಂತು. ಇಷ್ಟನ್ನು ನೋಡಲು ಯಾವ ಸಲಕರಣೆಯೂ ಬೇಡ. ಎಂಜಿನ್ ಓಡುತ್ತಿರುವಾಗ ನೋಡಬೇಕು, ಅಷ್ಟೆ. ದುಪಟ್ಟಾ, ತೋಳಿನ ಅಂಚು, ಕೂದಲು ಯಾವುದೂ ಬೆಲ್ಟಿನ ಹತ್ತಿರ ಸುಳಿಯದ ಹಾಗೆ ದೂರ ನಿಂತು ನೋಡಬೇಕು. ಬೆಲ್ಟ್ ಬದಲಿಸಿದ ಕಡೆ ಎಂಜಿನ್ ಆಫ್ ಮಾಡಿಯೇ ನೋಡಿದ್ದರು, ನಿಂತ ಬೆಲ್ಟಿನಲ್ಲಿ ಟೆನ್ಷನರ್ ತೋಳಿನ ಕುಣಿತ ಕಾಣುವುದಿಲ್ಲ.

ನನಗೆ ಈ ಭಾಗದ ಮೇಲೆ ಗೌರವ ಹುಟ್ಟಿದ್ದು ಅದು ಮಾಡುವ ಕೆಲಸದ ಲೆಕ್ಕ ಹಾಕಿದಾಗ. ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ ಕ್ರ್ಯಾಂಕ್ ಒಂದು ಸುತ್ತು ಬರುವಷ್ಟರಲ್ಲಿ ಎರಡು ಸಲ ಇಂಧನ ಉರಿಯುತ್ತದೆ. ಪ್ರತಿ ಉರಿಗೂ ಕ್ರ್ಯಾಂಕ್ ಒಂದಿಷ್ಟು ಮುನ್ನುಗ್ಗಿ ಮತ್ತೆ ನಿಧಾನವಾಗುತ್ತದೆ. ಡೀಸೆಲ್‌ನಲ್ಲಿ ಈ ಜಗ್ಗಾಟ ಪೆಟ್ರೋಲಿಗಿಂತ ಹೆಚ್ಚು. ನಿಂತಲ್ಲೇ 800 ಆರ್‌ಪಿಎಂನಲ್ಲಿ ಓಡುವಾಗ ಸೆಕೆಂಡಿಗೆ ಸುಮಾರು 27 ಸಲ, ಗಂಟೆಗೆ 96,000 ಸಲ ಬೆಲ್ಟಿಗೆ ಈ ಜಗ್ಗು ಬೀಳುತ್ತದೆ. ಕ್ರ್ಯಾಂಕ್ ಕಡೆಗೆ ಎಳೆಯುವ ಬದಿಯಲ್ಲಿ ಬೆಲ್ಟ್ ಬಿಗಿ, ಬಿಟ್ಟುಕೊಡುವ ಬದಿಯಲ್ಲಿ ಸಡಿಲ. ಆ ಸಡಿಲದ ಬದಿಯಲ್ಲಿ ಕೂತು ಪ್ರತಿ ಜಗ್ಗಿಗೂ ಬಿಗಿ ಕಾಪಾಡುವುದು ಟೆನ್ಷನರ್.

ಅದರೊಳಗೆ ಮೂರು ಭಾಗ. ತೋಳನ್ನು ಒತ್ತಿ ಹಿಡಿಯುವ ಸುರುಳಿ ಸ್ಪ್ರಿಂಗ್, ತೋಳು ಕುಣಿಯದ ಹಾಗೆ ಉಜ್ಜಿ ತಡೆಯುವ ಡ್ಯಾಂಪರ್, ಪುಲ್ಲಿಯೊಳಗಿನ ಬೇರಿಂಗ್. ಸಾಮಾನ್ಯವಾಗಿ ಎಲ್ಲರೂ ಮಾತಾಡುವುದು ಬೇರಿಂಗ್ ಬಗ್ಗೆ, ಏಕೆಂದರೆ ಅದು ಸದ್ದು ಮಾಡುತ್ತದೆ. ಡ್ಯಾಂಪರ್ ಸವೆದರೆ ಸದ್ದು ಹೆಚ್ಚಾಗಿ ಅದರಿಂದ ಬರುವುದಿಲ್ಲ, ಬೆಲ್ಟಿನಿಂದ ಬರುತ್ತದೆ. ಆರೋಪವೂ ಬೆಲ್ಟಿನ ಮೇಲೆ ಬೀಳುತ್ತದೆ. ಹೊಸ ಬೆಲ್ಟ್ ಹಾಕಿದಾಗ ಅದರ ಹೊಸ ಹಿಡಿತಕ್ಕೆ ಸ್ವಲ್ಪ ಕಾಲ ಸದ್ದು ನಿಲ್ಲುತ್ತದೆ, ಆಮೇಲೆ ಮತ್ತೆ ಬರುತ್ತದೆ. ನಮ್ಮ ಕಾರಿನಲ್ಲಿ ನಡೆದದ್ದು ಅದೇ.

ತಂದೆಯ ಹತ್ತಿರ ಇದ್ದ ಅಂಬಾಸಡರ್‌ನಲ್ಲಿ ಇಂಥ ಟೆನ್ಷನರ್ ಇರಲಿಲ್ಲ. ಡೈನಮೊದ ಬೋಲ್ಟ್ ಸಡಿಲಿಸಿ, ಒಂದು ಕಬ್ಬಿಣದ ಸರಳು ತೂರಿಸಿ ಮೀಟಿ, ಬೆಲ್ಟ್ ಬಿಗಿಯಾದ ಮೇಲೆ ಬೋಲ್ಟ್ ತಿರುಗಿಸುತ್ತಿದ್ದರು. ಹೆಬ್ಬೆರಳಿನಲ್ಲಿ ಒತ್ತಿದರೆ ಅರ್ಧ ಇಂಚು ಬಗ್ಗಬೇಕು, ಅದೇ ಅಳತೆ. ಈಗಲೂ ಕೆಲವರು ಇಂಥ ಬೆಲ್ಟನ್ನು ಹೆಬ್ಬೆರಳಲ್ಲಿ ಒತ್ತಿ ಸರಿ ಇದೆ ಅನ್ನುತ್ತಾರೆ. ಸ್ಪ್ರಿಂಗ್ ಟೆನ್ಷನರ್ ಇರುವ ಬೆಲ್ಟಿಗೆ ಆ ಅಳತೆ ಸಲ್ಲುವುದಿಲ್ಲ. ಒತ್ತಿದರೆ ಸ್ಪ್ರಿಂಗ್ ಸರಿಯುತ್ತದೆ, ಬೆಲ್ಟಿನ ಬಗ್ಗೆ ಏನೂ ತಿಳಿಯುವುದಿಲ್ಲ.

ಮುಂದಿನದು ಬಿಡಿಭಾಗದ ವಿಚಾರ. ಮೂರು ದಾರಿ ಇದ್ದವು. ಪುಲ್ಲಿಯ ಬೇರಿಂಗ್ ಮಾತ್ರ ಒತ್ತಿ ತೆಗೆದು ಹೊಸದು ಕೂರಿಸುವುದು ಅಗ್ಗ, ಕೆಲವು ನೂರರಲ್ಲಿ ಮುಗಿಯುತ್ತದೆ. ಸದ್ದು ಬೇರಿಂಗಿನದಷ್ಟೇ ಆಗಿದ್ದು, ತೋಳು ನಿಶ್ಚಲವಾಗಿದ್ದರೆ ಅದು ತಪ್ಪಲ್ಲ. ನಮ್ಮ ಕಾರಿನಲ್ಲಿ ತೋಳೇ ಕುಣಿಯುತ್ತಿದ್ದುದರಿಂದ ಅದು ಪ್ರಯೋಜನವಿರಲಿಲ್ಲ. ಎರಡನೆಯದು, ಕಾರು ಕಂಪನಿಯ ಡಬ್ಬಿಯಲ್ಲಿ ಬರುವ, ತೋಳು, ಸ್ಪ್ರಿಂಗ್, ಪುಲ್ಲಿ ಎಲ್ಲ ಸೇರಿದ ಪೂರಾ ಅಸೆಂಬ್ಲಿ. ಮೂರನೆಯದು, ಬೇರಿಂಗ್ ಮತ್ತು ಬೆಲ್ಟ್ ತಯಾರಿಸುವ ಕಂಪನಿಗಳೇ ತಮ್ಮ ಹೆಸರಿನಲ್ಲಿ ಮಾರುವ ಅಸೆಂಬ್ಲಿ: ಐಎನ್ಎ, ಎಸ್‌ಕೆಎಫ್, ಗೇಟ್ಸ್, ಡೇಕೊ ಇತ್ಯಾದಿ. ಇವು ಕಾರು ಕಂಪನಿಗಳಿಗೂ ಇಂಥ ಭಾಗ ಪೂರೈಸುವವರು, ಗುಣದಲ್ಲಿ ನಂಬಬಹುದು. ಅಪಾಯ ಇರುವುದು ನಕಲಿಯಲ್ಲಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗದ ಬಿಡಿಭಾಗ ಇಲ್ಲ ಅನ್ನುತ್ತಾರೆ, ಆದರೆ ಬಿಲ್ ಕೊಡದ ಅಂಗಡಿಯಲ್ಲಿ ಬೇರಿಂಗ್ ಇರುವ ಯಾವ ಭಾಗವನ್ನೂ ನಾನು ಕೊಳ್ಳುವುದಿಲ್ಲ. ಶಿವಮೊಗ್ಗದಲ್ಲೇ ಬಿಲ್ ಸಮೇತ ಸಿಕ್ಕಿತು. ಹಳೆಯದನ್ನು ಬಿಚ್ಚಿ ಪಕ್ಕದಲ್ಲಿಟ್ಟು ಹೋಲಿಸುವವರೆಗೂ ಹೊಸದರ ತೋಳನ್ನು ಸ್ಪ್ರಿಂಗ್ ಒತ್ತದ ಹಾಗೆ ಹಿಡಿದಿಟ್ಟಿರುವ ಲಾಕ್ ಪಿನ್ ತೆಗೆಯಬೇಡಿ, ಇಲ್ಲದಿದ್ದರೆ ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದು ಮೇಸ್ತ್ರಿ ಮೊದಲೇ ಎಚ್ಚರಿಸಿದ್ದರು.

ಬೆಲ್ಟ್ ಮತ್ತೆ ಬೇಕಾ ಎಂಬ ಪ್ರಶ್ನೆ ನನ್ನ ಮನಸ್ಸಿನಲ್ಲಿ ಇತ್ತು. ಇನ್ನೂ ವರ್ಷ ಆಗಿಲ್ಲವಲ್ಲ. ಅದಕ್ಕೆ ಉತ್ತರ ಬಿಚ್ಚಿದ ಮೇಲೆ ಸಿಕ್ಕಿತು.

ಕೆಲಸ ಶುರುವಾದದ್ದು ಬ್ಯಾಟರಿಯ ನೆಗೆಟಿವ್ ವೈರ್ ತೆಗೆಯುವುದರಿಂದ. ಜಾಕ್ ಹಾಕಿ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಮುಂದಿನ ಬಲ ಚಕ್ರ ಕಳಚಿದರು. ಬರೀ ಜಾಕ್ ನಂಬಿ ಕಾರಿನ ಅಡಿಗೆ ಕೈ ಹಾಕುವವರನ್ನು ಅವರು ಗ್ಯಾರೇಜಿನಲ್ಲಿ ಇಟ್ಟುಕೊಳ್ಳುವುದೇ ಇಲ್ಲವಂತೆ. ಚಕ್ರದ ಹಿಂದಿನ ಪ್ಲಾಸ್ಟಿಕ್ ಹೊದಿಕೆ ತೆಗೆದಾಗ ಒಳಗೆ ಅಂಟಿದ್ದ ಕೆಂಪು ಮಣ್ಣು ಹೆಂಟೆ ಹೆಂಟೆಯಾಗಿ ಬಿತ್ತು. ಮಲೆನಾಡಿನ ತೋಟದ ದಾರಿಗಳಲ್ಲಿ ಓಡುವ ಕಾರಿನ ಬೆಲ್ಟಿಗೆ ಇದೇ ದೊಡ್ಡ ಶತ್ರು. ಗೆರೆಗಳ ನಡುವೆ ಸೇರಿದ ಸಣ್ಣ ಕಲ್ಲು ಬೆಲ್ಟನ್ನೂ ಪುಲ್ಲಿಯನ್ನೂ ಒಟ್ಟಿಗೆ ತಿನ್ನುತ್ತದೆ.

ಬೆಲ್ಟ್ ಯಾವ ಪುಲ್ಲಿಯ ಮೇಲಿಂದ, ಯಾವುದರ ಕೆಳಗಿಂದ ಹೋಗಿದೆ ಎಂದು ನಾನು ಫೋನಿನಲ್ಲಿ ಫೋಟೊ ತೆಗೆದೆ. ಗ್ಯಾರೇಜಿನ ಹುಡುಗ ನಕ್ಕು, “ಮೇಸ್ತ್ರಿಗೆ ಬಾಯಿಪಾಠ ಅಕ್ಕ,” ಅಂದ. ಮೇಸ್ತ್ರಿ ಮಾತ್ರ, “ತೆಗೆದಿರ್ಲಿ ಮಾರಾಯ, ಒಳ್ಳೇದೇ,” ಎಂದರು. ಆಮೇಲೆ ಟೆನ್ಷನರ್ ತೋಳಿಗೆ ಉದ್ದ ಹಿಡಿಯ ಸ್ಪ್ಯಾನರ್ ಹಾಕಿ ನಿಧಾನಕ್ಕೆ ತಿರುಗಿಸಿದರು. ಬೆಲ್ಟ್ ಸಡಿಲವಾಯಿತು, ಒಂದು ಪುಲ್ಲಿಯಿಂದ ಜಾರಿಸಿ ತೆಗೆದರು. ಸ್ಪ್ಯಾನರನ್ನು ಅಷ್ಟೇ ನಿಧಾನಕ್ಕೆ ವಾಪಸ್ ಬಿಟ್ಟರು. ಆ ಸ್ಪ್ರಿಂಗ್ ಒಮ್ಮೆಲೇ ಬಿಟ್ಟರೆ ಬೆರಳು ಮುರಿಯುವಷ್ಟು ಜೋರು. ಬಿಡುವಾಗ ತೋಳು ನಡುದಾರಿಯಲ್ಲಿ ಒಂದು ಕಡೆ ತಡೆದು ಮತ್ತೆ ಜಾರಿದ್ದು ನನಗೂ ಕಂಡಿತು. ಸರಿಯಾದ ಟೆನ್ಷನರ್ ಈ ತುದಿಯಿಂದ ಆ ತುದಿಗೆ ಎಲ್ಲೂ ತಡೆಯದೆ ಸರಿಯಬೇಕು.

ಬೆಲ್ಟ್ ಇಲ್ಲದಿರುವಾಗ ಒಂದೊಂದೇ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ ನೋಡಬಹುದು. ಈ ಅವಕಾಶ ಬೇರೆ ಯಾವಾಗಲೂ ಸಿಗುವುದಿಲ್ಲ, ಬಿಡಬಾರದು. ಆಲ್ಟರ್ನೇಟರ್ ಸದ್ದಿಲ್ಲದೆ ತಿರುಗಿತು. ಕೆಲವು ಡೀಸೆಲ್ ಕಾರುಗಳ ಆಲ್ಟರ್ನೇಟರ್ ಪುಲ್ಲಿಯಲ್ಲಿ ಒಂದೇ ದಿಕ್ಕಿಗೆ ಹಿಡಿಯುವ ಕ್ಲಚ್ ಇರುತ್ತದೆ. ಅದು ಜಾಮ್ ಆಗಿದ್ದರೆ ಹೊಸ ಟೆನ್ಷನರ್ ಹಾಕಿದರೂ ತೋಳು ಕುಣಿಯುವುದು ನಿಲ್ಲದು, ಕೆಲವೇ ತಿಂಗಳಲ್ಲಿ ಅದೂ ಹಾಳಾಗುತ್ತದೆ. ಆದ್ದರಿಂದ ಟೆನ್ಷನರ್ ಬೇಗ ಬೇಗ ಹೋಗುವ ಕಾರಿನಲ್ಲಿ ಮೊದಲು ಆಲ್ಟರ್ನೇಟರ್ ಪುಲ್ಲಿ ನೋಡಬೇಕು ಎಂದರು. ನೀರಿನ ಪಂಪನ್ನು ಅಲುಗಾಡಿಸಿ ನೋಡಿದರು. ಸಡಿಲದ ಆಟ ಇರಲಿಲ್ಲ, ಸೋರಿ ಒಣಗಿದ ಕೂಲಂಟಿನ ಕಲೆಯೂ ಇರಲಿಲ್ಲ. ಎಸಿ ಕಂಪ್ರೆಸರ್ ಪುಲ್ಲಿಯೂ ಸರಿ.

ಕೊನೆಗೆ ಟೆನ್ಷನರ್ ಬಿಚ್ಚಿ ನನ್ನ ಕೈಗೇ ಕೊಟ್ಟರು. ಪುಲ್ಲಿ ತಿರುಗಿಸಿದರೆ ಮರಳು ಸಿಕ್ಕಿದ ಬೀಸುವ ಕಲ್ಲಿನ ಹಾಗೆ ಕೈಗೇ ತಿಳಿಯುತ್ತಿತ್ತು, ಗ್ರೀಸ್ ಪೂರ್ತಿ ಒಣಗಿಹೋಗಿತ್ತು. ತೋಳನ್ನು ಹಿಡಿದು ಪಕ್ಕಕ್ಕೆ ಅಲ್ಲಾಡಿಸಿದರೆ ಕಟಕಟ ಎನ್ನುತ್ತಿತ್ತು. ತೋಳು ತಿರುಗುವ ಕೀಲಿನ ಒಳಗಿನ ಬುಷ್ ಸವೆದು ತೋಳು ಒಂದು ಬದಿಗೆ ವಾಲಿತ್ತು, ಪುಲ್ಲಿಯೂ ವಾಲಿತ್ತು. ಬೆಲ್ಟನ್ನು ತಿರುವಿ ನೋಡಿದಾಗ ಅದರ ಒಂದು ಅಂಚಿನಲ್ಲಿ ದಾರದ ಎಳೆಗಳು ಹೊರಗೆ ಬಂದಿದ್ದವು, ಇನ್ನೊಂದು ಅಂಚು ಹೊಸದರ ಹಾಗೇ ಇತ್ತು. ವಾಲಿದ ಪುಲ್ಲಿ ಹೊಸ ಬೆಲ್ಟನ್ನು ಒಂದೇ ಬದಿಗೆ ಉಜ್ಜಿ ಉಜ್ಜಿ ತಿಂದಿತ್ತು. ಬೆಲ್ಟ್ ಮತ್ತೆ ಬೇಕು ಅನ್ನುವುದು ಅಲ್ಲಿಗೆ ತೀರ್ಮಾನವಾಯಿತು. ಆ ಅಂಚಿನ ದಾರ ಒಂದು ಎಳೆ ಬಿಚ್ಚಿಕೊಂಡು ಯಾವುದಾದರೂ ಪುಲ್ಲಿಗೆ ಸುತ್ತಿಕೊಂಡಿದ್ದರೆ ಬೆಲ್ಟ್ ಅಲ್ಲೇ ಹೋಗುತ್ತಿತ್ತು.

ಬೆಲ್ಟಿನ ಗೆರೆಗಳಲ್ಲಿ ಒಂದು ಬಿರುಕೂ ಇರಲಿಲ್ಲ ಅನ್ನುವುದನ್ನೂ ಹೇಳಬೇಕು. ಹಿಂದೆ ನಿಯೋಪ್ರಿನ್ ರಬ್ಬರಿನ ಬೆಲ್ಟ್‌ಗಳು ಹಳೆಯದಾದಂತೆ ಬಿರಿಯುತ್ತಿದ್ದವು, ಬಿರುಕು ಎಣಿಸಿ ಬದಲಿಸುತ್ತಿದ್ದರು. ಈಗಿನ ಇಪಿಡಿಎಂ ರಬ್ಬರ್ ಅಷ್ಟು ಸುಲಭಕ್ಕೆ ಬಿರಿಯುವುದಿಲ್ಲ, ಟೈರಿನ ಹಾಗೆ ಸವೆಯುತ್ತದೆ. ನೋಡಲು ಚೆನ್ನಾಗಿದೆ ಎಂದು ಮುಂದೂಡುವುದು ಈಗಿನ ಬೆಲ್ಟ್‌ಗಳ ಮಟ್ಟಿಗೆ ಸರಿಯಲ್ಲ. ಗೆರೆಗಳ ಆಳ, ಅಂಚು, ಬೆನ್ನಿನ ಹೊಳಪು ಮೂರನ್ನೂ ನೋಡಬೇಕು. ಹೊಸದು ಕೊಳ್ಳುವಾಗ ಬೆಲ್ಟಿನ ಬೆನ್ನ ಮೇಲಿನ ಸಂಖ್ಯೆಯೇ ಅದರ ಅಳತೆ. 6ಪಿಕೆ ಎಂದರೆ ಆರು ಗೆರೆ, ಮುಂದಿನ ಅಂಕಿ ಮಿಲಿಮೀಟರ್‌ನಲ್ಲಿ ಉದ್ದ. ಹತ್ತಿಪ್ಪತ್ತು ಮಿಲಿಮೀಟರ್ ಉದ್ದದ್ದು ಸಿಕ್ಕಿದರೂ ನಡೆಯುತ್ತದೆ ಎಂದು ಅಂಗಡಿಯಲ್ಲಿ ಹೇಳಿದರೆ ಒಪ್ಪಬಾರದು. ಟೆನ್ಷನರ್ ತೋಳು ತಾನು ಸರಿಯಬೇಕಾದ ಮಿತಿಯ ಗುರುತಿನಿಂದ ಆಚೆ ಹೋಗಿ ನಿಲ್ಲುತ್ತದೆ, ಮುಂದೆ ಬಿಗಿ ಮಾಡಲು ಜಾಗವೇ ಉಳಿಯುವುದಿಲ್ಲ.

ಜೋಡಿಸುವ ಕೆಲಸ ಬೇಗ ಮುಗಿಯಿತು. ಟೆನ್ಷನರ್ ಕೂರುವ ಜಾಗವನ್ನು ತಂತಿ ಬ್ರಷ್‌ನಲ್ಲಿ ಉಜ್ಜಿದರು, ಅಲ್ಲಿ ಮಣ್ಣು ಉಳಿದರೆ ಹೊಸದೂ ವಾಲಿಯೇ ಕೂರುತ್ತದೆ. ಎಲ್ಲ ಪುಲ್ಲಿಗಳ ಗೆರೆ ಸ್ವಚ್ಛ ಮಾಡಿದರು. ಟಾರ್ಕ್ ರೆಂಚ್ ಇಟ್ಟು ಬೋಲ್ಟ್ ಬಿಗಿದರು. ಅಲ್ಯೂಮಿನಿಯಂಗೆ ಹೋಗುವ ಬೋಲ್ಟನ್ನು ಕೈಯಂದಾಜಿನಲ್ಲಿ ಬಿಗಿದರೆ ಒಳಗಿನ ಮರೆ (ಥ್ರೆಡ್) ಹಾಳಾಗುತ್ತದೆ. ಬೆಲ್ಟ್ ಹಾಕಿದ ಮೇಲೆ ಪ್ರತಿ ಪುಲ್ಲಿಯಲ್ಲೂ ಬೆರಳು ಆಡಿಸಿ ಆರು ಗೆರೆಯೂ ಸರಿಯಾದ ಕಾಲುವೆಯಲ್ಲೇ ಕೂತಿವೆಯೇ ಎಂದು ನೋಡಿದರು. ಒಂದು ಗೆರೆ ಪಕ್ಕಕ್ಕೆ ಕೂತರೆ ಸ್ಟಾರ್ಟ್ ಮಾಡಿದ ಕೂಡಲೇ ಅಂಚು ಹರಿಯುತ್ತದೆ. ಆಮೇಲೆ ಪಿನ್ ತೆಗೆದು ಟೆನ್ಷನರ್ ಬಿಟ್ಟು, ಕ್ರ್ಯಾಂಕನ್ನು ಸಾಕೆಟ್ ಹಾಕಿ ಕೈಯಲ್ಲೇ ಎರಡು ಸುತ್ತು ತಿರುಗಿಸಿ, ಮತ್ತೊಮ್ಮೆ ನೋಡಿ, ಕೊನೆಗೆ ಬ್ಯಾಟರಿ ವೈರ್ ಹಾಕಿದರು.

ಸ್ಟಾರ್ಟ್ ಮಾಡಿದೆ. ಎಸಿ, ಹೆಡ್‌ಲೈಟ್, ಬ್ಲೋವರ್ ಎಲ್ಲ ಹಾಕಿದೆ. ಕೀರಲು ಇಲ್ಲ, ಗರಗರ ಇಲ್ಲ. ತೋಳು ಇದ್ದಲ್ಲೇ ಸಣ್ಣಗೆ ನಡುಗುತ್ತಿತ್ತು. ನೀರು ಚಿಮುಕಿಸಿದರೂ ಸದ್ದು ಬದಲಾಗಲಿಲ್ಲ. ಟೆನ್ಷನರ್, ಬೆಲ್ಟ್, ಕೂಲಿ ಎಲ್ಲ ಸೇರಿ ಐದು ಸಾವಿರದ ಒಳಗೆ ಆಯಿತು.

ಹೊರಡುವಾಗ ಮೇಸ್ತ್ರಿ ಒಂದು ಮಾತು ಹೇಳಿದರು. “ವಾಟರ್ ವಾಶ್‌ಗೆ ಬಿಟ್ಟಾಗ ಡೀಸೆಲ್ ಸ್ಪ್ರೇ ಬೇಡ ಅಂತ ಮೊದ್ಲೇ ಹೇಳ್ಬಿಡಿ ಅಮ್ಮ. ಪ್ರೆಷರ್ ನೀರೂ ಪುಲ್ಲಿ ಕಡೆ ಬೇಡ.” ನಮ್ಮ ಕಡೆ ವಾಟರ್ ವಾಶ್ ಆದಮೇಲೆ ಅಡಿಗೆಲ್ಲ ಡೀಸೆಲ್ ಅಥವಾ ಹಳೇ ಆಯಿಲ್ ಸ್ಪ್ರೇ ಹೊಡೆಯುವುದು ರೂಢಿ, ತುಕ್ಕು ಹಿಡಿಯುವುದಿಲ್ಲ ಎಂದು. ಅದು ಬೆಲ್ಟಿಗೆ ತಗುಲಿದರೆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ, ಜಾರಲು ಶುರುವಾಗುತ್ತದೆ. ಪ್ರೆಷರ್ ನೀರು ಬೇರಿಂಗಿನ ಸೀಲ್ ದಾಟಿ ಒಳಗಿನ ಗ್ರೀಸನ್ನು ತೊಳೆಯುತ್ತದೆ. ನಮ್ಮ ಟೆನ್ಷನರ್ ಬೇರಿಂಗ್ ಅಷ್ಟು ಒಣಗಿದ್ದಕ್ಕೆ ಮಳೆಗಾಲ ಮುಗಿದ ಮೇಲೆ ತಪ್ಪದೆ ಆಗುತ್ತಿದ್ದ ವಾಶ್‌ಗಳ ಪಾಲೂ ಇದ್ದೀತು. ಈಗ ಎಂಜಿನ್ ಭಾಗಕ್ಕೆ ಒದ್ದೆ ಬಟ್ಟೆ ಮಾತ್ರ.

ಸಾವಿರ ಕಿಲೋಮೀಟರ್ ಓಡಿಸಿದ ಮೇಲೆ ಮತ್ತೆ ಬಾನೆಟ್ ಎತ್ತಿ ಟಾರ್ಚ್ ಹಿಡಿದು ನೋಡಿದೆ. ತೋಳು ಗುರುತುಗಳ ನಡುವೆಯೇ ಇದೆ, ಬೆಲ್ಟಿನ ಎರಡೂ ಅಂಚು ಒಂದೇ ಸಮ. ಬಿಲ್ಲಿನ ಹಿಂದೆ ಬೆಲ್ಟಿನ ಸಂಖ್ಯೆ, ಟೆನ್ಷನರ್ ಪಾರ್ಟ್ ನಂಬರ್, ಮೀಟರ್ ರೀಡಿಂಗ್ ಬರೆದು ಡ್ಯಾಶ್‌ಬೋರ್ಡಿನಲ್ಲಿ ಇಟ್ಟಿದ್ದೇನೆ. ನೀರಿನ ಪಂಪ್ ಇನ್ನೂ ಮೊದಲಿನದೇ. ಮುಂದಿನ ಸಲ ಕೂಲಂಟ್ ಬದಲಿಸುವಾಗ ಬೆಲ್ಟ್ ತೆಗೆಸಿ ಅದನ್ನು ಇನ್ನೊಮ್ಮೆ ಅಲುಗಾಡಿಸಿ ನೋಡಿಸಬೇಕು, ಆಟ ಕಂಡರೆ ಆಗಲೇ ಹೊಸದು ಹಾಕಿಸಬೇಕು.